ಎಡಗಡೆಯ ಅಂಚು

ಟೀವಿಯಲ್ಲಿ ಡಚೆಸ್‌ಳ ಉಡುಗೆ ನೋಡಿಕೊಳ್ಳುವ ಹುಡುಗಿ ಪೆಟ್ಟಿಗೆಯೊಳಗೆ ಕಪ್ಪು ಉಡುಪು ಮಡಚಿಡುತ್ತಿದ್ದಳು. ತೋಳು ಒಳಕ್ಕೆ, ನಡುವೆ ತೆಳು ಕಾಗದ, ಮತ್ತೊಂದು ಮಡಿಕೆ. ಆಮೇಲೆ ಅವಳ ಕೈ ಉಡುಪಿನ ಕೆಳ ಅಂಚಿನ ಎಡಗಡೆಗೆ ಹೋಗಿ ನಿಂತಿತು. ಹೆಬ್ಬೆರಳಿನಿಂದ ಅಲ್ಲಿ ಒಂದು ಸಲ ಒತ್ತಿ ನೋಡಿ ಪೆಟ್ಟಿಗೆ ಮುಚ್ಚಿದಳು.

ಮ್ಯಾವಿಸ್ ಟ್ರಿಗ್‌ಳ ಕೈಯಲ್ಲಿದ್ದ ಚಹಾ ತಟ್ಟೆಗೆ ತುಳುಕಿತು.

"ಥೇಟ್ ನಿನ್ ಥರಾನೇ ಮಡಚ್ತಾಳಲ್ಲೇ," ಎಂದ ಗಂಡ ಸಿರಿಲ್. ಅವನಿಗೆ ಹೆಮ್ಮೆ. ಹೆಂಡತಿ ಎರಡು ದಿನ ಹೋಗಿ ಕಲಿಸಿಬಂದ ಧಾರಾವಾಹಿಯೆಂದು ಊರಿನ ಪಬ್ಬಿನಲ್ಲಿ ಎಲ್ಲರ ಕಿವಿ ತೂತಾಗುವಷ್ಟು ಹೇಳಿದ್ದ.

ಅಷ್ಟರಲ್ಲಿ ತೆರೆಯ ಮೇಲಿನ ಡಚೆಸ್ ಒಬ್ಬಳೇ ಬಾಗಿಲು ಹಾಕಿಕೊಂಡು, ಪುಟ್ಟ ಕತ್ತರಿಯಿಂದ ಅದೇ ಅಂಚಿನ ಹೊಲಿಗೆ ಬಿಚ್ಚಿದಳು. ಒಳಗಿಂದ ಎಳೆ ಮಗುವಿನ ಒಂದು ಕಾಲುಚೀಲ ಹೊರಬಂತು. ಅದನ್ನು ಕೆನ್ನೆಗೆ ಒತ್ತಿಕೊಂಡಳು. ಪಿಟೀಲು ಶುರುವಾಯಿತು.

ಮ್ಯಾವಿಸ್ ತಟ್ಟೆ ಕೆಳಗಿಟ್ಟಳು. ಕಾಲುಚೀಲ ಅಲ್ಲ. ಆದರೆ ಜಾಗ ಅದೇ.

ಧಾರಾವಾಹಿಯ ಮೊದಲಿಗೆ ಎಲ್ಲವೂ ಕಾಲ್ಪನಿಕ ಎಂದು ತೋರಿಸುತ್ತಾರೆ. ಡಚೆಸ್ ಮನೆತನದ ಎಸ್ಟೇಟಿಗೆ ಸೇರಿದ ಈ ಊರಿನಲ್ಲಿ ಅದನ್ನು ನಂಬುವವರು ಯಾರೂ ಇಲ್ಲ. ಮೂರನೆಯ ಸೀಸನ್‌ನಲ್ಲಿ ಬರುವ ಡಚೆಸ್ ತಮ್ಮ ಹಿರಿಯ ಡಚೆಸ್ಸೇ ಎಂಬುದು ಮಾಂಸದಂಗಡಿಯವನಿಗೂ ಗೊತ್ತು. ಗೊತ್ತಿಲ್ಲದ್ದು ಒಂದೇ ಒಂದು, ಅದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ನಲವತ್ತೆರಡು ವರ್ಷದ ಹಿಂದೆ ಡಚೆಸ್‌ಳ ಮೂರನೆಯ ಮಗು ಹನ್ನೊಂದು ದಿನ ಬದುಕಿ ಹೋಯಿತು. ಮಣ್ಣು ಮಾಡುವಾಗ ತಾಯಿ ಒಂದು ಹನಿ ಕಣ್ಣೀರು ಹಾಕಲಿಲ್ಲವೆಂದು ಪತ್ರಿಕೆಗಳು ಅವಳನ್ನು ಕಲ್ಲಿನ ಗೊಂಬೆ ಎಂದು ಬರೆದವು. ಆ ದಿನ ಬೆಳಿಗ್ಗೆ ಆಕೆ ಮಗುವಿನ ಟೊಪ್ಪಿಗೆಯ ಬಿಳಿ ರಿಬ್ಬನ್ ಬಿಚ್ಚಿ, ಆಗ ತನ್ನ ಉಡುಗೆ ನೋಡಿಕೊಳ್ಳುತ್ತಿದ್ದ ಮ್ಯಾವಿಸ್‌ಳ ಕೈಗಿಟ್ಟು, ಕಪ್ಪು ಉಡುಪಿನ ಎಡ ಅಂಚಿನೊಳಗೆ ಹೊಲಿಸಿಕೊಂಡಿದ್ದಳು. ರಾಜಮನೆತನದವರು ಊರು ಬಿಟ್ಟು ಹೊರಟರೆ ಪೆಟ್ಟಿಗೆಯಲ್ಲಿ ಒಂದು ಜೊತೆ ಕಪ್ಪು ಬಟ್ಟೆ ಇರಲೇಬೇಕು, ಎಲ್ಲಿ ಯಾರ ಸಾವಿನ ಸುದ್ದಿ ಬರುವುದೋ ಹೇಳಲಾಗದು. ಹಾಗೆ ಪ್ರತಿ ಸಲ ಪೆಟ್ಟಿಗೆ ಕಟ್ಟುವಾಗಲೂ ಮ್ಯಾವಿಸ್ ಹೆಬ್ಬೆರಳಿನಿಂದ ಅಲ್ಲಿ ಒತ್ತಿ, ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಉಡುಪು ಹಳತಾದರೆ ರಿಬ್ಬನ್ ಹೊಸದಕ್ಕೆ ದಾಟುತ್ತಿತ್ತು. ಒಟ್ಟು ಐದು ಉಡುಪು. ಸಿರಿಲ್‌ಗೂ ಅವಳು ಹೇಳಿರಲಿಲ್ಲ.

ವಸಂತದಲ್ಲಿ ಚಿತ್ರೀಕರಣದವರು ಕರೆದಾಗ, ಬಟ್ಟೆ ಮಡಚುವುದರಲ್ಲಿ ಏನು ಗುಟ್ಟಿದೆ ಎಂದು ಹೋಗಿದ್ದಳು. ಇಮೊಜೆನ್ ಎಂಬ ನಟಿ ಚುರುಕು ಹುಡುಗಿ, ನೋಡಿದ್ದನ್ನೆಲ್ಲ ಕೈಯಲ್ಲಿ ಹಿಡಿಯುವವಳು. ಮಡಚಿ ತೋರಿಸುತ್ತಿದ್ದ ಮ್ಯಾವಿಸ್‌ಳ ಹೆಬ್ಬೆರಳು ನಿವೃತ್ತಿಯವರೆಗಿನ ಮೂವತ್ತೆಂಟು ವರ್ಷದ ರೂಢಿಯಂತೆ ತನ್ನಷ್ಟಕ್ಕೆ ಹೋಗಿ ಎಡ ಅಂಚನ್ನು ಒತ್ತಿತು. ಅಲ್ಲೇನಿದೆ ಎಂದು ಹುಡುಗಿ ಕೇಳಿದಳು.

"ಏನಿಲ್ಲಮ್ಮ, ಸುಮ್ನೆ ಅಭ್ಯಾಸ," ಎಂದು ಮ್ಯಾವಿಸ್ ಕೈ ಎಳೆದುಕೊಂಡಿದ್ದಳು. ಎಳೆದುಕೊಂಡ ರೀತಿಯೇ ಸಾಕಾಯಿತೇನೋ. ಬರೆಯುವವರಿಗೆ ಅಷ್ಟು ಸಿಕ್ಕರೆ ಮಿಕ್ಕಿದ್ದು ತಾವೇ ನೇಯ್ದುಕೊಳ್ಳುತ್ತಾರೆ.

ಸೋಮವಾರ ಅವಳು ಬ್ರೆಡ್ಡಿಗೆಂದು ಅಂಗಡಿಗೆ ಹೋದಾಗ ಪಕ್ಕದ ಮನೆಯ ಪೆಗ್ಗಿ ದಾರಿಗಡ್ಡ ನಿಂತು, ಕಾಲುಚೀಲದ ಕಥೆ ನಿಜವೇ ಎಂದು ಕಣ್ಣರಳಿಸಿ ಕೇಳಿದಳು. ಮ್ಯಾವಿಸ್ ಬ್ರೆಡ್ಡು ಕೊಳ್ಳದೆ ವಾಪಸು ಬಂದಳು. ಮನೆಯ ಪ್ರತಿ ಗೋಡೆಯೂ ಎಸ್ಟೇಟಿನದು. ಡಚೆಸ್‌ಳ ಮನಸ್ಸು ಇರುವಷ್ಟು ದಿನ ಇರಬಹುದೆಂದು ಕಾಗದದಲ್ಲಿ ಬರೆದಿತ್ತು. ಹಿಂದೆ ಕಾರು ಓಡಿಸುತ್ತಿದ್ದ ಬರ್ಟ್ರಮ್ ಪತ್ರಿಕೆಯವರ ಮುಂದೆ ಎರಡು ಮಾತು ಆಡಿದ್ದಕ್ಕೆ, ಎಂಟೇ ದಿನದಲ್ಲಿ ಸಾಮಾನು ಲಾರಿಗೆ ತುಂಬಿ ತಂಗಿಯ ಮನೆ ಸೇರಿದ್ದ. ಸಿರಿಲ್‌ನ ಎದೆಗೂಡು ಹಳೆಯ ತಿದಿಯಂತಾಗಿತ್ತು. ಅವನು ನಲವತ್ತು ವರ್ಷ ಕೈಯಾರೆ ಬೆಳೆಸಿದ ತೋಟದ ಗಾಳಿಯೇ ಅವನಿಗೆ ಔಷಧಿ. ಅವನನ್ನು ಎಲ್ಲಿಗೆ ಕರೆದೊಯ್ಯುವುದು?

ಇವೆಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಇನ್ನೊಂದು. ಎಸ್ಟೇಟಿನ ದೊಡ್ಡ ಮನೆಯ ಮಹಡಿಯಲ್ಲಿ ಎಂಬತ್ತರ ಹೆಂಗಸೊಬ್ಬಳು ಅದೇ ದೃಶ್ಯ ನೋಡಿ, ಮ್ಯಾವಿಸ್ ನನ್ನ ಮಗುವನ್ನು ಮಾರಿದಳು ಅಂದುಕೊಂಡಿರಬಹುದು.

ಮಂಗಳವಾರ ಅವಳು ಕಾಗದ ಬರೆಯಲು ಕೂತಳು. ನಾನು ಹೇಳಿಲ್ಲ ಎಂದು ಬರೆದರೆ, ಹೇಳದೆ ಅವರಿಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಎದುರಿಗೆ ನಿಲ್ಲುತ್ತಿತ್ತು. ನಾಲ್ಕು ಹಾಳೆ ಒಲೆಗೆ ಹೋದವು.

"ಏನಂದೆ ನೀನು ಅವರ ಹತ್ರ?" ಸಿರಿಲ್ ಕೊನೆಗೂ ಕೇಳಿದ.

"ಬಾಯಿ ಬಿಟ್ಟಿಲ್ಲ."

"ಮತ್ಯಾಕೆ ಹೀಗೆ ಹೆದರ್ಕೊಂಡಿದ್ದೀಯ?"

ಅವಳು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡಳು.

ಬುಧವಾರ ಹನ್ನೊಂದು ಗಂಟೆಗೆ ಎಸ್ಟೇಟಿನ ಹಸಿರು ವ್ಯಾನು ಗೇಟಿನ ಮುಂದೆ ನಿಂತಿತು. ಇಳಿದವನು ಡಚೆಸ್‌ಳ ಕಾರ್ಯದರ್ಶಿಯೇ. ಬರ್ಟ್ರಮ್‌ನ ಮನೆಗೂ ಬಂದವನು ಇವನೇ. ಕೈಯಲ್ಲಿ ದಾರ ಬಿಗಿದ ಚಪ್ಪಟೆ ಪೆಟ್ಟಿಗೆ.

"ನಿಮ್ಮ ಕೈಗೇ ಕೊಡಬೇಕಂತೆ ಮಿಸೆಸ್ ಟ್ರಿಗ್. ಬೇರೆ ಯಾರಿಗೂ ಅಲ್ಲ. ನಾನೂ ಬಿಚ್ಚಬಾರದು ಅಂದಿದ್ದಾರೆ," ಎಂದ. ಚಹಾ ಬೇಡವೆಂದು ಹೊರಟುಹೋದ.

ಪೆಟ್ಟಿಗೆ ಒಂದು ಗಂಟೆ ಮೇಜಿನ ಮೇಲೇ ಇತ್ತು. ಇಷ್ಟು ವರ್ಷ ತಾನು ಕೊಟ್ಟ ಸಣ್ಣಪುಟ್ಟ ಉಡುಗೊರೆಗಳನ್ನೆಲ್ಲ ಹಿಂದಿರುಗಿಸಿರಬಹುದು ಎನ್ನಿಸಿತು ಅವಳಿಗೆ. ಕೊನೆಗೆ ತಡೆಯಲಾರದೆ ದಾರ ಬಿಚ್ಚಿದಳು.

ಒಳಗೆ ಐದನೆಯ ಕಪ್ಪು ಉಡುಪು. ಎಡ ಅಂಚಿನ ಹೊಲಿಗೆಯನ್ನು ನಡುಗುವ ಕೈ ಒಂದೊಂದಾಗಿ ಬಿಚ್ಚಿತ್ತು, ಬಟ್ಟೆಗೆ ಎರಡು ಕಡೆ ಕತ್ತರಿ ತಾಕಿತ್ತು. ಮೇಲೆ ತೆಳು ಕಾಗದದಲ್ಲಿ ಸುತ್ತಿದ ರಿಬ್ಬನ್, ಹಳದಿಗೆ ತಿರುಗಿದ್ದು, ಬೆರಳುದ್ದದ್ದು. ಜೊತೆಗೊಂದು ಚೀಟಿ. ಪೆನ್ಸಿಲಿನ ಅಕ್ಷರ ಸೊಟ್ಟಗಾಗಿದ್ದರೂ ಅವಳಿಗೆ ಆ ಕೈಬರಹ ಗೊತ್ತು.

"ನೀನು ಹೇಳಿದ್ದರೆ ಅವರು ಕಾಲುಚೀಲ ತೋರಿಸುತ್ತಿರಲಿಲ್ಲ. ಈ ಸಲ ಬಲಗಡೆಗೆ ಹಾಕು."

ಮ್ಯಾವಿಸ್ ಕುರ್ಚಿಯಲ್ಲಿ ಕುಸಿದು ಕೂತು, ಸದ್ದಿಲ್ಲದೆ ಬಹಳ ಹೊತ್ತು ಅತ್ತಳು. ಸಿರಿಲ್ ಪೆಟ್ಟಿಗೆಯ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದ. ಆಮೇಲೆ ಮೇಲೆದ್ದು, ಏದುಸಿರು ಬಿಡುತ್ತ ತನ್ನ ಕುರ್ಚಿಯನ್ನು ಪೂರ್ತಿ ತಿರುಗಿಸಿ ತೋಟದ ಕಡೆ ಮುಖ ಮಾಡಿ ಕೂತುಕೊಂಡ.

ಅವಳು ಕನ್ನಡಕ ಹಾಕಿಕೊಂಡು ಕಪ್ಪು ದಾರ ಪೋಣಿಸಲು ಕೂತಳು. ಮೂರನೆಯ ಸಲಕ್ಕೆ ದಾರ ಸೂಜಿಯೊಳಗೆ ಹೋಯಿತು. ಬಲ ಅಂಚಿನೊಳಗೆ ರಿಬ್ಬನ್ ಇಟ್ಟು ಹೊಲಿದಳು, ಬಿಚ್ಚಿದ್ದ ಎಡಗಡೆಯನ್ನೂ ಮುಚ್ಚಿದಳು. ಉಡುಪನ್ನು ಮಡಚಿದಳು, ತೋಳು ಒಳಕ್ಕೆ, ನಡುವೆ ತೆಳು ಕಾಗದ. ಕೈ ತನ್ನಷ್ಟಕ್ಕೆ ಅಂಚಿನ ಕಡೆ ಹೊರಟಿತು.

ಅರ್ಧ ದಾರಿಯಲ್ಲಿ ಅವಳು ಅದನ್ನು ತಡೆದು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಪೆಟ್ಟಿಗೆ ಮುಚ್ಚಿದಳು.