ನಾಲಿಗೆಯಣ್ಣನಿಗೆ ಸಿಹಿ ಜಾಸ್ತಿಯಾದದ್ದು

ಬಿಸ್ಕತ್ತಿನ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ನಾಲಿಗೆಯಣ್ಣ ಎಂದೇ ಕರೆಯುತ್ತಿದ್ದರು. ಒಲೆಯಿಂದ ಇಳಿದ ಬಿಸ್ಕತ್ತನ್ನು ತಿಂದು ನೋಡಿ, ಹೌದು ಅಥವಾ ಅಲ್ಲ ಎನ್ನುವುದು ಅವನ ಕೆಲಸ. ಯಂತ್ರ ಹೇಳಿದ್ದನ್ನು ಎರಡೆರಡು ಸಲ ಪರೀಕ್ಷಿಸುವ ಮ್ಯಾನೇಜರು ಅವನು ಹೇಳಿದ್ದನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದರು.

ಒಂದು ದಿನ ಆಸ್ಪತ್ರೆಯಲ್ಲಿ ಡಾಕ್ಟರು ಅವನ ರಕ್ತಪರೀಕ್ಷೆಯ ವರದಿ ನೋಡಿ ಕನ್ನಡಕ ತೆಗೆದರು.

"ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಇದೆ. ಮನೇಲಿ ಯಾರಿಗಾದ್ರೂ ಇತ್ತಾ?"

"ನಮ್ಮಪ್ಪನಿಗೆ. ಒಂದು ಕಾಲು ತೆಗೀಬೇಕಾಯ್ತು."

"ಹಾಗಾದ್ರೆ ಬಿಸ್ಕತ್ತು ಬಿಡಿ."

"ಅದು ನನ್ನ ಕೆಲಸ, ಡಾಕ್ಟ್ರೇ."

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. "ಕೆಲಸಕ್ಕೆ ಒಂದು ಚೂರು ಮುರ್ಕೊಳ್ಳಿ. ಮಿಕ್ಕಿದ್ದನ್ನ ಮನೇಲಿ ಸರಿಮಾಡ್ಕೊಳ್ಳಿ."

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಅಳತೆ ತಪ್ಪಿದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದು ಅವಳಿಗೆ ಹೊಸದಲ್ಲ. ಮರುದಿನವೇ ಅಡುಗೆಮನೆಗೆ ಕತ್ತರಿ ಹಾಕಿದಳು. ಬಿಳಿ ಬ್ರೆಡ್ಡಿನ ಜಾಗಕ್ಕೆ ತೌಡು ತೆಗೆಯದ ಗೋಧಿಯ ಬ್ರೆಡ್ಡು ಬಂತು. ಹಣ್ಣಿನ ರಸದ ಬಾಟಲಿ ಹೋಗಿ ಹಣ್ಣೇ ಬಂತು. ಕರಿದದ್ದರ ಬದಲು ಬೇಯಿಸಿದ ಕಾಳು, ಅರ್ಧ ತಟ್ಟೆ ತುಂಬ ಸೊಪ್ಪು ತರಕಾರಿ, ಹಸಿವಾದಾಗ ಒಂದು ಹಿಡಿ ಕಡಲೆಕಾಯಿ ಬೀಜ. ಚಹಾದಲ್ಲಿ ಸಕ್ಕರೆ ಇರಲಿಲ್ಲ.

"ಇದೇನೇ, ಬಿಸಿನೀರಿಗೆ ಬಣ್ಣ ಹಾಕಿದ್ದೀಯಾ?"

"ಬಣ್ಣವಾದ್ರೂ ಇದೆಯಲ್ಲ, ಕುಡೀರಿ. ಮಾವನವರನ್ನ ಎತ್ತಿ ಕೂರಿಸಿದ್ದು ನಾನು. ನಿಮ್ಮನ್ನ ಎತ್ತೋಕೆ ನನ್ನ ಕೈಲಾಗಲ್ಲ."

ಅವನು ಮುಖ ಊದಿಸಿಕೊಂಡು ಕುಡಿದ. ವಾರಗಟ್ಟಲೆ ಹಾಗೆಯೇ ತಿಂದ, ಹಾಗೆಯೇ ಕುಡಿದ. ಒಂದು ಸಂಜೆ ಹಸಿ ಕ್ಯಾರೆಟ್ಟು ಕಚ್ಚಿದವನು ಅಗಿಯುವುದನ್ನು ನಿಲ್ಲಿಸಿ, ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದಕ್ಕೆ ಸಕ್ಕರೆ ಹಾಕಿದ್ದೀಯಾ?"

"ಕ್ಯಾರೆಟ್ಟಿಗೆ ಯಾರು ರೀ ಸಕ್ಕರೆ ಹಾಕ್ತಾರೆ?"

ಆಮೇಲೆ ಕಾರ್ಖಾನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಹಾಲಿನ ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡವನು "ಸಿಹಿ ಜಾಸ್ತಿ" ಎಂದ. ಮ್ಯಾನೇಜರು ಬೆರಗಾದರೂ ಎದುರು ಮಾತಾಡಲಿಲ್ಲ. ಸಕ್ಕರೆ ತಗ್ಗಿತು. ಮುಂದಿನ ವಾರ "ಇನ್ನೂ ಜಾಸ್ತಿ" ಎಂದ. ಮತ್ತೆ ತಗ್ಗಿತು. ಅವನು ಸುಳ್ಳು ಹೇಳುತ್ತಿರಲಿಲ್ಲ, ತೊಂದರೆಯಾದದ್ದೇ ಅದರಿಂದ.

ಒಂದು ವ್ಯಾನಿನ ತುಂಬ ಬಿಸ್ಕತ್ತು ವಾಪಸು ಬಂತು. ಮ್ಯಾನೇಜರು ಅವನನ್ನು ಕೋಣೆಗೆ ಕರೆಸಿದರು.

"ಅಂಗಡಿಯವನು ಏನಂದ ಗೊತ್ತೇನ್ರೀ? ಮಕ್ಕಳು ಇದನ್ನ ನಾಯಿಗೆ ಹಾಕಿದ್ರಂತೆ. ನಾಯಿ ಬಾಯಲ್ಲಿ ಕಚ್ಕೊಂಡು ಬಂದು ಅಂಗಡಿ ಬಾಗಿಲಲ್ಲಿ ಇಟ್ಟು ಹೋಯ್ತಂತೆ."

"ರುಚಿ ಚೆನ್ನಾಗೇ ಇದೆ, ಸಾರ್."

ಮ್ಯಾನೇಜರು ಒಂದನ್ನು ಕಚ್ಚಿ, ನೀರು ಕುಡಿದು ನುಂಗಿದರು. "ಮನೇಲಿ ಏನ್ರೀ ತಿಂತಿದ್ದೀರಿ?"

ಅವನು ಚಹಾದಿಂದ ಹಿಡಿದು ಎಲ್ಲವನ್ನೂ ಹೇಳಿದ. ಮ್ಯಾನೇಜರು ಕೊನೆಯವರೆಗೂ ಕೇಳಿಸಿಕೊಂಡರು.

"ನಿಮ್ಮ ನಾಲಿಗೆ ರಿಪೇರಿಯಾಗ್ಬಿಟ್ಟಿದೆ," ಎಂದರು. "ಇನ್ನು ನಮಗೆ ಉಪಯೋಗಕ್ಕೆ ಬರಲ್ಲ."

ಅವನನ್ನು ಗೋಧಿಯ ಉಗ್ರಾಣಕ್ಕೆ ಹಾಕಿದರು. ಸಂಬಳ ಅಷ್ಟೇ, ಆದರೆ ಕುರ್ಚಿ ಇಲ್ಲ. ಮೊದಲ ದಿನ ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಇಷ್ಟು ವರ್ಷದ ಹೆಸರು ಸೊಪ್ಪಿನ ಜೊತೆ ಬೆಂದು ಹೋಯಿತಲ್ಲ ಎಂದು ಅವನಿಗೆ ಅಳು ಬರುವಂತಾಗಿತ್ತು. ಹೆಂಡತಿ ಸಮಾಧಾನ ಹೇಳಲಿಲ್ಲ. ಅವನ ಪ್ಯಾಂಟಿನ ಸೊಂಟ ಬಿಚ್ಚಿ, ಒಳಗೆ ಹಿಡಿದು ಹೊಲಿದಳು.

ಮುಂದಿನ ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು, "ಸದ್ಯಕ್ಕೆ ಕಾಯಿಲೆ ತಿರುಗಿ ಹೋಗಿದೆ. ಹೀಗೇ ಮುಂದುವರಿಸಿ, ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ," ಎಂದರು. ಅವನು ತಲೆಯಾಡಿಸಿ ಕೆಲಸಕ್ಕೆ ಹೋದ.

ಆ ಮಧ್ಯಾಹ್ನ ಚೀಲ ಬಿಚ್ಚಿ ಕಾಳು ಪರೀಕ್ಷಿಸುವಾಗ ನಾಲ್ಕು ಗೋಧಿ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದ. ಮೊದಲು ಹಿಟ್ಟು, ಆಮೇಲೆ ಹಾಲು, ಆಮೇಲೆ ಎಲ್ಲಿಂದಲೋ ಒಂದು ಸಣ್ಣ ಸಿಹಿ. ಅವನು ಕಣ್ಣುಮುಚ್ಚಿ ನಿಂತುಬಿಟ್ಟ.

ಮೂಟೆ ಹೊರುವವನು ಗಾಬರಿಯಿಂದ ಹತ್ತಿರ ಬಂದ. "ಏನಣ್ಣಾ, ಹೇಗಿದೆ?"

"ಗೋಧಿ ಥರ ಇದೆ."

"ಅದು ಗೋಧಿನೇ, ಅಣ್ಣಾ."

"ಹೌದು," ಎಂದು ಅವನು ಇನ್ನೆರಡು ಕಾಳು ಬಾಯಿಗೆ ಹಾಕಿಕೊಂಡ.