ಓಗೊಟ್ಟವನು

ಜಡಿಗೇನಹಳ್ಳಿ ಕಡೆಯ ಚಿಕ್ಕವೆಂಕಟಪ್ಪನದು ಕೆಟ್ಟ ಹಟ. ಗಂಡ ಸತ್ತ ಮಗಳು ಸಪ್ಪಲಮ್ಮ ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ಅಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕಿರಿಸ್ತಾನಳಾದಳೆಂಬ ಸುದ್ದಿ ಬಂದದ್ದೇ ತಡ, ಬದುಕಿರುವವಳಿಗೆ ಎಳ್ಳುನೀರು ಬಿಟ್ಟು ಊರಿಗೆಲ್ಲ ತಿಥಿ ಊಟ ಹಾಕಿದ. ಹೆತ್ತವನು ಮಾಡುವ ಕೆಲಸವೇ ಅದು? ಆಮೇಲೆ ಅವಳು ದೇವನಹಳ್ಳಿ ಹತ್ತಿರದ ಮಿಷನ್ ಕಣ್ಣಾಸ್ಪತ್ರೆಯಲ್ಲಿ ಆಯಾ ಆದದ್ದು ಅವನಿಗೆ ಗೊತ್ತಿರಲಿಲ್ಲ. ಅವನ ಮುಂದೆ ಅವಳ ಹೆಸರೆತ್ತುವ ಧೈರ್ಯ ಯಾರಿಗಿತ್ತು?

ಸಪ್ಪಲಮ್ಮನ ಪ್ರಾರ್ಥನೆಯೂ ಒಂದು ಥರ. ಅವರ ಮನೆಯಲ್ಲಿ ಚಿಕ್ಕಪ್ಪಂದಿರು ಕರೆಯುವುದನ್ನು ಕೇಳಿ ಕೇಳಿ ಮಕ್ಕಳೂ ಅಪ್ಪನನ್ನು 'ಅಣ್ಣ' ಅಂತಲೇ ಕರೆಯುತ್ತಿದ್ದರು. 'ತಂದೆ' ಅನ್ನುವ ಪುಸ್ತಕದ ಮಾತು ಅವಳ ನಾಲಿಗೆಗೆ ಹತ್ತಲಿಲ್ಲ. "ಪರಲೋಕದಲ್ಲಿರೋ ನಮ್ಮಣ್ಣಾ" ಎಂದು ಶುರುಮಾಡಿದರೆ ಉಳಿದ ಆಯಾಗಳು ಕಿಸಕ್ಕೆಂದು ನಗುತ್ತಿದ್ದರು. "ನಗ್ಲಿ ಬಿಡಮ್ಮ, ಆತನಿಗೆ ಅರ್ಥವಾಗುತ್ತೆ" ಅಂದಿದ್ದರು ಪಾದ್ರಿಗಳು.

ಅರವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ತಮ್ಮ ರಾಮಾಂಜಿನಪ್ಪ ಅದೇ ಆಸ್ಪತ್ರೆಗೆ ಅಪ್ಪನನ್ನು ಕೈಹಿಡಿದು ಕರೆತಂದ. ಒಂದು ಕಣ್ಣು ನಾಟಿ ಔಷಧಿಗೆ ಯಾವತ್ತೋ ಹಾಳಾಗಿತ್ತು, ಇನ್ನೊಂದಕ್ಕೆ ಪೊರೆ. ಅಕ್ಕನನ್ನು ಕಂಡು ತಮ್ಮ ಹೌಹಾರಿದ.

"ಬಾಯ್ ಬಿಡಬೇಡ ಕಣಕ್ಕಾ. ನೀನು ಅಂತ ಗೊತ್ತಾದ್ರೆ ಎದ್ದು ಹೊಂಟೋಗ್ತಾನೆ. ಕಣ್ಣು ಬರ್ಲಿ, ಆಮೇಲೆ ನೋಡ್ಕೊಳ್ಳಣ."

ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಬಿತ್ತು. ಏಳು ದಿನ ತಲೆ ಅಲ್ಲಾಡಿಸಬಾರದು, ಅಪ್ಪಿತಪ್ಪಿಯೂ ಅಳಬಾರದು, ಅತ್ತರೆ ಗಾಯ ಬಿಚ್ಚಿ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಒತ್ತಿ ಹೇಳಿದರು. ಸಪ್ಪಲಮ್ಮ ತುಟಿ ಹೊಲಿದುಕೊಂಡಳು. ಗಂಜಿ ಕುಡಿಸಿದಳು, ಮೈ ಒರೆಸಿದಳು, ಕಾಲೊತ್ತಿದಳು. ಆರು ವರ್ಷದ ಮೇಲೆ ಅಪ್ಪನ ಪಾದ ಕೈಗೆ ಸಿಕ್ಕಿತ್ತು, ಪಾಪ, ಅಷ್ಟಕ್ಕೇ ಅವಳ ಜೀವ ಹಿಗ್ಗಿ ಹೋಗಿತ್ತು.

"ಮೂಗೀನಾ ತಾಯಿ ನೀನು?" ಅಂದ ಮುದುಕ. "ಆಗ್ಲಿ ಬಿಡು. ನಿನ್ನ ಹೆತ್ತೋನು ಪುಣ್ಯವಂತ."

ಆ ಮಾತು ಕೇಳಿ ಅವಳಿಗೆ ಆಸೆ ಹುಟ್ಟಿತು. ಪಟ್ಟಿ ಬಿಚ್ಚಿದಾಗ ಅಪ್ಪ ಮೊದಲು ನೋಡುವುದು ತನ್ನ ಮುಖವನ್ನೇ ಆಗಬೇಕು. ಐದನೆಯ ದಿನ ಮಧ್ಯಾಹ್ನ, ಅವನು ಗಾಢ ನಿದ್ದೆಯಲ್ಲಿದ್ದಾನೆಂದುಕೊಂಡು, ಮಂಚದ ಪಕ್ಕ ಮಂಡಿಯೂರಿದಳು. ಎದೆ ತುಂಬಿ ಬಂದು ಪ್ರಾರ್ಥನೆ ಬಾಯಿಂದಾಚೆ ಬಂದೇಬಿಟ್ಟಿತು.

"ಅಣ್ಣಾ... ಅಣ್ಣಾ..."

"ಊಂ, ಏನವ್ವಾ ಸಪ್ಪಲೀ?" ಅಂದ ಚಿಕ್ಕವೆಂಕಟಪ್ಪ, ನಿದ್ದೆಯ ಮಂಪರಿನಲ್ಲಿ.

ಮರುಗಳಿಗೆ ಅವನಿಗೆ ಪೂರ್ತಿ ಎಚ್ಚರವಾಯಿತು. ಬಾಯಿ ಬಿಗಿದುಕೊಂಡ. ಗಲ್ಲ ಅದುರತೊಡಗಿತು.

"ಅಳಬೇಡ ಕಣಣ್ಣಾ, ನಿನ್ ದಮ್ಮಯ್ಯ, ಕಣ್ಣು ಹೊಂಟೋಯ್ತದೆ! ನಾನು ಹೊರಟೋಗ್ತೀನಿ, ಅಳಬೇಡ!"

ಅವನ ಕಣ್ಣಿನ ಪಟ್ಟಿ ಒದ್ದೆಯಾಗುತ್ತಲೇ ಹೋಯಿತು.

ಏಳನೆಯ ದಿನ ಪಟ್ಟಿ ಬಿಚ್ಚಿದ ಡಾಕ್ಟರು ಟಾರ್ಚ್ ಹಾಕಿ ನೋಡಿ ಆರಿಸಿದರು. ಗಾಯ ಬಿಚ್ಚಿಕೊಂಡಿತ್ತು, ಕಣ್ಣು ಹೋಗಿತ್ತು.

"ಅಳಬೇಡ ಅಂತ ಬಡ್ಕೊಂಡಿರಲಿಲ್ವಾ? ಯಾಕಣ್ಣಾ ಅತ್ತೆ?" ಎಂದು ರಾಮಾಂಜಿನಪ್ಪ ತಲೆ ಚಚ್ಚಿಕೊಂಡ.

"ಸತ್ತೋದ ಮಗಳು ಕೂಗ್ದಂಗಾಯ್ತು ಕಣೋ. ತಡೀಲಾರದೆ ಹೋದೆ."

ಸಪ್ಪಲಮ್ಮ ಎರಡು ಮಾರು ದೂರದಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಮಗನ ಹೆಗಲು ಹಿಡಿದು ಮುದುಕ ಅವಳ ಮುಂದೆಯೇ ನಡೆದುಹೋದ. ಒಂದು ಗಳಿಗೆ ನಿಂತ. ಅವಳು ಇದ್ದಾಳೆಂದು ಗೊತ್ತಾಗಿರಲೇಬೇಕು. ಮತ್ತೆ ನಡೆದ.

ಅವತ್ತು ಸಂಜೆ ಅವಳು ಆ ಖಾಲಿ ಮಂಚದ ಪಕ್ಕ ಕುಸಿದು ಕೂತಳು.

"ಪರಲೋಕದಲ್ಲಿರೋ ನಮ್ಮಣ್ಣಾ, ನಿನ್ನ ಕರೆದ್ರೆ ಅವನು ಓಗೊಟ್ನಲ್ಲಾ. ಕಣ್ಣು ಹೋದ್ರೂ ಓಗೊಟ್ಟ. ನೀನೆಲ್ಲಿದ್ದೆ ಆಗ? ಇನ್ನು ಅವನು ನನ್ನ ಕೂಗಲ್ಲ. ಉಳಿದಿರೋನು ನೀನೊಬ್ಬನೇ. ಒಂದ್ಸಲ ಊಂ ಅನ್ನಣ್ಣಾ."

ದೀಪ ಹಚ್ಚುವ ಹೊತ್ತಾದರೂ ಅವಳು ಕಿವಿಗೊಟ್ಟುಕೊಂಡು ಅಲ್ಲೇ ಕೂತಿದ್ದಳು.