ಗಂಟುಮೋರೆಯಕ್ಕ

ಆಕೆ ನಗುತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ, ಹಬೆಯ ನಡುವೆ ಚಾದರಗಳನ್ನು ಮಡಿಸುತ್ತ ಕಳೆದ ಇಷ್ಟು ವರ್ಷಗಳಲ್ಲಿ, ಮೇಲಿನವರ ಯಾವ ಚಟಾಕಿಗೂ ಆಕೆಯ ತುಟಿ ಅಲುಗಿದ್ದನ್ನು ಈಗಿನವರಲ್ಲಿ ಕಂಡವರಿಲ್ಲ. ಮೇಲ್ವಿಚಾರಕ ಬೇಸತ್ತು 'ಗಂಟುಮೋರೆ' ಎಂದು ಹೆಸರಿಟ್ಟ. ಜೊತೆಯ ಹೆಂಗಸರು ಅದಕ್ಕೊಂದು 'ಅಕ್ಕ' ಸೇರಿಸಿ ಬೈಗುಳವನ್ನು ಬಿರುದು ಮಾಡಿಕೊಂಡರು.

ಚಾದರ ಮಡಿಸುವುದು ಇಬ್ಬರ ಕೆಲಸ. ಎದುರುಬದುರು ನಿಂತು, ಅಂಚು ಹಿಡಿದು ಕೊಡವಿ, ಮಧ್ಯಕ್ಕೆ ನಡೆದು ಬಂದು, ಅಂಚಿಗೆ ಅಂಚು ಕೂಡಿಸಿ ಮತ್ತೆ ಹಿಂದೆ ಸರಿಯಬೇಕು. ಆ ನಡೆ ಅಕ್ಕನ ಮೈಗೇ ಅಂಟಿಹೋಗಿತ್ತು. ಬೀದಿಯಲ್ಲಿ ಯಾರಾದರೂ ಮಾತಾಡಿಸಿದರೂ ನೇರ ಎದುರಿಗೆ, ಕೈಯಳತೆಯ ದೂರಕ್ಕೆ ಬಂದು ನಿಂತು, ಹೇಳುವುದನ್ನು ಹೇಳಿ, ಹಿಂದಕ್ಕೆ ಸರಿದೇ ತಿರುಗುತ್ತಿದ್ದಳು.

ಬಟ್ಟೆ ಬದಲಿಸುವ ಕೋಣೆಗೆ ಒಳಗಿನಿಂದ ಚಿಲಕ ಬೇಕೆಂದು ಹೆಂಗಸರ ಸಂಘದ ಪರವಾಗಿ ಅಕ್ಕ ಕೇಳಲು ಹೋದಾಗ, ಆಡಳಿತಾಧಿಕಾರಿ ಕುರ್ಚಿಗೆ ಒರಗಿ, "ಚಿಲಕ ಯಾಕ್ರೀ? ಒಳಗೆ ಅಂಥ ನಿಧಿ ಏನಿದೆ?" ಎಂದ. ಸುತ್ತ ಕೂತ ಗಂಡಸರೆಲ್ಲ ನಕ್ಕರು.

"ಅರ್ಥ ಆಗ್ಲಿಲ್ಲ ಸಾರ್. ಬಿಡಿಸಿ ಹೇಳಿ," ಎಂದಳು ಅಕ್ಕ.

ಆತ ಇನ್ನೊಮ್ಮೆ ಹೇಳಿದ. ನಗು ಅರ್ಧಕ್ಕಿಳಿಯಿತು.

"ಈಗ್ಲೂ ಆಗ್ಲಿಲ್ಲ. ನಿಧಿ ಅಂದ್ರೆ ಯಾವುದು ಸಾರ್?"

ಬಿಡಿಸಿ ಹೇಳಿದರೆ ಉಳಿಯುವುದು ಹಾಸ್ಯವಲ್ಲವೆಂದು ಆತನಿಗೂ ಹೊಳೆದಿರಬೇಕು. ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಆಚೀಚೆ ಸರಿಸಿದ. ಆ ವಾರವೇ ಚಿಲಕ ಬಂತು. ಬಟ್ಟೆಯ ಬಂಡಿ ತಳ್ಳುವ ಗಂಡಸರಿಗೂ ಚಾದರ ಮಡಿಸುವ ಹೆಂಗಸರಿಗೂ ಸಮ ಕೂಲಿ ಬರಲು ಮಾತ್ರ ವರ್ಷಗಳೇ ಹಿಡಿದವು. ಅದನ್ನೂ ತಂದದ್ದು ಅದೇ ಮುಖ, ಅದೇ ಪ್ರಶ್ನೆ.

ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ ಭೂತಗನ್ನಡಿಯನ್ನು ಹಣೆಗೇರಿಸಿ, "ಇಲ್ಲಾದ್ರೂ ಒಂದ್ಸಲ ನಗೇ, ನಾನೇನು ನಿನ್ನ ಮೇಲ್ವಿಚಾರಕನಾ?" ಎಂದು ಕೆಣಕುತ್ತಿದ್ದ. "ನನ್ನ ಪಾಲಿಂದು ನಕ್ಕು ಮುಗಿಸಿದ್ದೀನಿ," ಎನ್ನುತ್ತಿದ್ದಳು. ಅವನು ಅದನ್ನು ತಮಾಷೆ ಎಂದುಕೊಂಡಿದ್ದ.

ದಿನ ಕಳೆದಂತೆ ಆ ಮುಖವೇ ನಿಯಮವಾಯಿತು. "ಹಲ್ಲು ಕಿರಿದ್ರೆ ಒಪ್ಪಿದ ಹಾಗೆ," ಎಂದು ಹೊಸಬರಿಗೆಲ್ಲ ಹೇಳುತ್ತಿದ್ದಳು. ಇಸ್ತ್ರಿ ಯಂತ್ರಕ್ಕೆ ಸೇರಿದ ಹುಡುಗಿಯೊಬ್ಬಳು ಮೇಲ್ವಿಚಾರಕನ ಮಾತಿಗೆಲ್ಲ ನಗುತ್ತಿದ್ದಳು, ಕೈ ಬಾಯಿಯ ಮೇಲೆ, ಕಣ್ಣು ಬಾಗಿಲ ಮೇಲೆ. ಅಕ್ಕ ನಗುವನ್ನು ನೋಡಿದಳು, ಕಣ್ಣನ್ನು ನೋಡಲಿಲ್ಲ. ಎಲ್ಲರೆದುರಿಗೇ ಗದರಿದಳು.

ಒಂದು ದಿನ ದಾಸ್ತಾನು ಕೋಣೆಯಲ್ಲಿ ಮೇಲ್ವಿಚಾರಕ ಬಾಗಿಲಿಗೆ ಅಡ್ಡ ನಿಂತು ಅವಳ ಮೈಗೆ ಕೈ ಹಾಕಿದ. ಹುಡುಗಿ ಅವನನ್ನು ತಳ್ಳಿ ಓಡಿಬಂದಳು. ಬಂದದ್ದು ಅಕ್ಕನ ಬಳಿಗಲ್ಲ, ಹರಿದ ಚಾದರಗಳಿಗೆ ಹೊಲಿಗೆ ಹಾಕುವ ಮುದುಕಿಯ ಬಳಿಗೆ. "ಅಕ್ಕಂಗೆ ಹೇಳ್ಬೇಡಿ ಅಜ್ಜಿ. ನಕ್ಕಿದ್ದಕ್ಕೇ ಹಾಗಾಯ್ತು ಅಂತಾರೆ," ಎಂದಳಂತೆ. ಮುದುಕಿ ಆ ಮಾತನ್ನು ಒಂದಕ್ಷರ ಬಿಡದೆ ಅಕ್ಕನಿಗೇ ತಂದೊಪ್ಪಿಸಿದಳು. ಆ ಮಧ್ಯಾಹ್ನ ಅಕ್ಕ ಚಾದರದ ಅಂಚು ಹಿಡಿದು, ಎದುರಿನವಳತ್ತ ನಡೆಯುವುದನ್ನೇ ಮರೆತು ನಿಂತುಬಿಟ್ಟಳು.

ಹುಡುಗಿಯ ಬಳಿ ಹೋಗಿ ಕೂತು, ದೂರು ಕೊಡಲು ಧೈರ್ಯ ತುಂಬಿದವಳು ಅಕ್ಕನೇ. ವಿಚಾರಣಾ ಸಮಿತಿಗೆ ಹಿರಿಯ ವೈದ್ಯೆಯೊಬ್ಬರು ಅಧ್ಯಕ್ಷೆ. ದೂರು ಸುಳ್ಳೆಂದು ತೀರ್ಮಾನವಾದರೆ ಹುಡುಗಿಯ ಕೆಲಸ ಹೋಗುತ್ತಿತ್ತು. ಮೇಲ್ವಿಚಾರಕ ಸಾವಧಾನವಾಗಿ ಮಾತಾಡಿದ:

"ಮೇಡಂ, ಈ ಹುಡುಗಿ ದಿನಾ ನನ್ನ ಜೊತೆ ನಗ್ತಿದ್ಲು, ಎಲ್ಲರೂ ನೋಡಿದ್ದಾರೆ. ಹಲ್ಲು ಕಿರಿದ್ರೆ ಒಪ್ಪಿದ ಹಾಗೆ. ಇದು ನನ್ನ ಮಾತಲ್ಲ, ಇವರ ಸಂಘದ ಅಕ್ಕನ ಮಾತು. ಹೇಳಿದ್ರೋ ಇಲ್ವೋ, ಅವರನ್ನೇ ಕೇಳಿ."

ಅಧ್ಯಕ್ಷೆ ಅಕ್ಕನತ್ತ ತಿರುಗಿದರು. ಇಲ್ಲ ಎನ್ನುವುದು ಸುಲಭವಿತ್ತು. ಆಕೆಯ ವಿರುದ್ಧ ಸಾಕ್ಷಿ ಹೇಳುವ ಹೆಂಗಸು ಆ ನೆಲಮಾಳಿಗೆಯಲ್ಲಿ ಇರಲಿಲ್ಲ. ಅಕ್ಕ ಎದ್ದು ಮೇಜಿನವರೆಗೂ ನಡೆದು ಹೋದಳು.

"ಹೇಳಿದ್ದೆ. ತಪ್ಪು ಮಾತು ಅದು." ಮೇಲ್ವಿಚಾರಕನತ್ತ ಕೈ ತೋರಿಸಿದಳು. "ಇವರಿಗಿಂತ ಮುಂಚೆ ಇನ್ನೊಬ್ಬ ಇದ್ದ. ಅವನ ಮಾತಿಗೆಲ್ಲ ನಾನು ನಗ್ತಿದ್ದೆ, ಇವಳಿಗಿಂತ ಜೋರಾಗಿ. ನಕ್ರೆ ಮಾತಲ್ಲೇ ಮುಗಿಯುತ್ತೆ, ಮುಂದಕ್ಕೆ ಹೋಗಲ್ಲ ಅನ್ಕೊಂಡಿದ್ದೆ. ಮುಗೀಲಿಲ್ಲ. ಯಾರಿಗೂ ಹೇಳ್ಲಿಲ್ಲ, ನಕ್ಕವಳು ನಾನೇ ಅಲ್ವಾ ಅಂತ. ನಾನು ಒಪ್ಪಿರ್ಲಿಲ್ಲ ಮೇಡಂ. ಇವಳೂ ಒಪ್ಪಿಲ್ಲ."

ತಲೆ ತಗ್ಗಿಸಿಕೊಂಡಿದ್ದ ಹುಡುಗಿ ಕತ್ತೆತ್ತಿ ಅಕ್ಕನನ್ನೇ ನೋಡಿದಳು. ಆಮೇಲೆ ತನ್ನ ಸರದಿ ಬಂದಾಗ, ಯಾರೂ ಒತ್ತಾಯಿಸದೆ, ದಾಸ್ತಾನು ಕೋಣೆಯಲ್ಲಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದಳು.

ಹುಡುಗಿಯ ಕೆಲಸ ಉಳಿಯಿತು. ಮೇಲ್ವಿಚಾರಕನನ್ನು ತೆಗೆಯಿರಿ ಎಂದು ಸಂಘ ಕೇಳಿದರೆ, ಆಡಳಿತದವರು ಹೆಂಗಸರಿಲ್ಲದ ಬೇರೆ ವಿಭಾಗಕ್ಕೆ ಕಳಿಸಿ ಕೈತೊಳೆದುಕೊಂಡರು. ಅದು ಗೆಲುವೋ ಸೋಲೋ ಎಂದು ಸಂಘದಲ್ಲಿ ಈಗಲೂ ಜಗಳ ನಡೆಯುತ್ತದೆ. ಬೇರೆಯವರ ಬಾಯಿಂದ ಕೇಳುವ ಮೊದಲೇ ಗಂಡನಿಗೆ ಅಕ್ಕನೇ ಎಲ್ಲ ಹೇಳಿದಳು. ಅವನು ಕೈಯಲ್ಲಿದ್ದ ಗಡಿಯಾರವನ್ನು ಕೆಳಗಿಟ್ಟು ಬಹಳ ಹೊತ್ತು ಅವಳ ಪಕ್ಕದಲ್ಲಿ ಕೂತ. ಆಮೇಲೆಂದೂ ನಗು ಎಂದು ಕೆಣಕಲಿಲ್ಲ. "ಹಾಗಾದ್ರೆ ಅಕ್ಕನೂ..." ಎಂಬ ಪಿಸುಮಾತು ಬಂಡಿ ತಳ್ಳುವವರ ನಡುವೆ ಕೆಲವು ಕಾಲ ಓಡಾಡಿತು. ಅವಳು ಕೇಳಿಯೂ ಕೇಳದಂತಿದ್ದಳು ಎಂದರೆ ಸುಳ್ಳಾಗುತ್ತದೆ, ನೊಂದಳು. ಆದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ, ಇಷ್ಟು ವರ್ಷ ಅವಳಿಗೆ ಹೆದರಿ ಬಾಯಿ ಬಿಡದಿದ್ದವರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂರತೊಡಗಿದರು. ಅವಳು ಗದರುವುದನ್ನು ಬಿಟ್ಟು ಕೇಳಿಸಿಕೊಳ್ಳತೊಡಗಿದಳು.

ಮುಂದೆ ನಿಲ್ಲುವ ಹೆಂಗಸರ ಎದೆಗಾರಿಕೆಯನ್ನು ನಾವು ಅಧಿಕಾರಿಯ ಮೇಜಿನ ಮುಂದೆ ಅಳೆಯುತ್ತೇವೆ. ಅಲ್ಲಿ ಕಲ್ಲಾಗಿ ನಿಂತವರು, ತಮಗೇ ತಿಳಿಯದೆ ತಮ್ಮ ಬೆನ್ನ ಹಿಂದಿನವರ ಪಾಲಿಗೂ ಕಲ್ಲಾಗಿಬಿಡುವುದುಂಟು. ಹಾಗಾಗಿದ್ದೇವೆಂದು ಗೊತ್ತಾದ ದಿನ, ತಮ್ಮನ್ನು ಮುಂದಕ್ಕೆ ತಂದ ಮಾತನ್ನೇ ತಪ್ಪೆಂದು ಒಪ್ಪಿಕೊಂಡು, ಹಿಂದಕ್ಕೆ ನಡೆದು, ಕೊನೆಯ ಸಾಲಿನಲ್ಲಿ ನಡುಗುತ್ತ ಕೂತವಳ ಪಕ್ಕ ನಿಲ್ಲುವವರು ಬಹಳ ಕಡಿಮೆ. ಅಂಥ ಕೆಲವರಿಂದಾಗಿಯೇ, ಹೆದರಿ ನಕ್ಕವಳ ಹಕ್ಕೂ ಹಕ್ಕೇ ಎಂಬುದು ಲೋಕಕ್ಕೆ ನಿಧಾನವಾಗಿ ತಿಳಿಯುತ್ತ ಬಂದಿದೆ.